ಹಗುರವಾದ ಬಾಗಿಲು

ನನ್ನ ಬಲಗಡೆಯ ನಾಲ್ಕು ಪಕ್ಕೆಲುಬು ಮುರಿದದ್ದಕ್ಕೆ ನಮ್ಮ ಮನೆಯಲ್ಲಿ ಕಾರಣಗಳಿಗೇನೂ ಬರ ಇರಲಿಲ್ಲ. ಹೆಂಗಸು ಕಾರು ಓಡಿಸಿದರೆ ಇನ್ನೇನಾಗುತ್ತದೆ ಅಂದರು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ. ಗ್ರಹಚಾರ ಅಂದರು ಗಂಡ. ಅಮಾವಾಸ್ಯೆ ದಿನ ಗಾಲಿ ಕೆಳಗೆ ನಿಂಬೆಹಣ್ಣು ಇಡದೇ ಹೋದದ್ದೇ ತಪ್ಪು ಅಂದರು ಪಕ್ಕದ ಮನೆಯವರು. ಅದನ್ನೂ ಅವರು ಹೇಳಿದ್ದು ನಾನು ಬಳ್ಳಾರಿಯ ಆಸ್ಪತ್ರೆಯಲ್ಲಿ ಉಸಿರೆಳೆಯಲು ಒದ್ದಾಡುತ್ತಿರುವಾಗ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು. ಭಾವ ಹಲಕುಂದಿ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಕಾಯಿ ಒಂದೇ ಏಟಿಗೆ ಸರಿಯಾಗಿ ಒಡೆಯಿತಂತೆ. ನನ್ನ ಪಕ್ಕೆಲುಬೂ ಹಾಗೇ ಒಡೆದಿವೆ ಅನ್ನಬೇಕೆಂದಿದ್ದೆ. ಆದರೆ ನಕ್ಕರೆ ಜೀವ ಹೋಗುವಷ್ಟು ನೋವಾಗುತ್ತಿತ್ತು, ಬಾಯಿ ಮುಚ್ಚಿಕೊಂಡೆ.

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮನೆ ಬಳ್ಳಾರಿಯಲ್ಲಿ. ಮೊದಲ ಹದಿನಾಲ್ಕು ವರ್ಷ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಹೋಗಿ ಬಂದೆ. ಹೋದ ಜನ್ಮದಲ್ಲಿ ಬಾವಲಿಯಾಗಿದ್ದಿರಬೇಕು ಅಂತ ಸ್ಟಾಫ್ ರೂಮಿನಲ್ಲಿ ನಾನೇ ನಗಾಡುತ್ತಿದ್ದೆ. ನಲವತ್ತಾರನೇ ವಯಸ್ಸಿಗೆ ಮೊಣಕಾಲು ಹಟ ಹಿಡಿದಾಗ ನನ್ನ ಸ್ವಂತ ದುಡಿಮೆಯಲ್ಲಿ ಒಂದು ಸಣ್ಣ ಕಾರು ಕೊಂಡೆ. ಓಡಿಸಲು ಕಲಿಸಿದವನು ನನ್ನ ಬೆನ್ನಿಗೆ ಬಿದ್ದ ತಮ್ಮ. ನಮ್ಮ ತವರು ರೂಪನಗುಡಿ. ತಮ್ಮ ಬಳ್ಳಾರಿಯಲ್ಲೇ ಕಾರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಟಿಂಕರಿಂಗ್ ಶೆಡ್ ಇಟ್ಟುಕೊಂಡಿದ್ದಾನೆ. ಊರಲ್ಲಿ ಅವನ ಕೈಗೆ ದೊಡ್ಡ ಹೆಸರು. ನೆಗ್ಗಿದ ತಗಡನ್ನು ಅವನು ತಟ್ಟಿ ಎತ್ತಿದರೆ ಎಲ್ಲಿ ಬಡಿದಿತ್ತು ಅಂತ ಬಡಿಸಿಕೊಂಡವನಿಗೂ ಗುರುತು ಸಿಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಕುರುಗೋಡಿನಲ್ಲಿ ಶಿಕ್ಷಕರ ಸಭೆ ಇತ್ತು. ಮುಗಿಸಿಕೊಂಡು, ಮಧ್ಯಾಹ್ನದ ಪಾಠ ತಪ್ಪಬಾರದು ಅಂತ ಸಿರುಗುಪ್ಪದ ಕಡೆ ಹೊರಟಿದ್ದೆ. ಭತ್ತದ ಕೊಯ್ಲಿನ ದಿನಗಳು. ಊರು ದಾಟಿ ಸ್ವಲ್ಪ ದೂರದಲ್ಲಿ ಬಲಗಡೆಯ ಕಾಲುವೆ ಏರಿಯಿಂದ ಒಂದು ದಾರಿ ರಸ್ತೆಗೆ ಇಳಿಯುತ್ತದೆ. ಅಲ್ಲಿಂದ ಒಂದು ಟ್ರ್ಯಾಕ್ಟರ್ ಭತ್ತದ ಚೀಲ ಹೇರಿಕೊಂಡು ಇಳಿಯಿತು. ಓಡಿಸುವವನು ಹಿಂದೆ ತಿರುಗಿ ಚೀಲ ಬಿದ್ದಾವೇನೋ ಅಂತ ನೋಡುತ್ತಿದ್ದ. ನಾನು ಹಾರ್ನ್ ಹೊಡೆದೆ, ಬ್ರೇಕ್ ಹಾಕಿದೆ. ನನ್ನ ಓಟವೂ ಜೋರಿರಲಿಲ್ಲ, ಅವನದಂತೂ ಎತ್ತಿನ ಗಾಡಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಟ್ರ್ಯಾಕ್ಟರಿನ ಮೂತಿಗೆ ತೂಕಕ್ಕಂತ ಕಟ್ಟಿರುತ್ತಾರಲ್ಲ ಕಬ್ಬಿಣದ ದಪ್ಪ ಬಿಲ್ಲೆಗಳು, ಅವು ಬಂದು ನನ್ನ ಬಾಗಿಲಿನ ನಡುಮಧ್ಯಕ್ಕೆ ಬಡಿದವು. ಬಾಗಿಲು ಒಳಗೆ ಬಂದು ನನ್ನ ತೊಡೆಯ ಮೇಲೆ ಕೂತಿತು.

ಜನ ನನ್ನನ್ನು ಎಡಗಡೆಯಿಂದ ಎಳೆದು ಹೊರಗೆ ತೆಗೆದರು. ಟ್ರ್ಯಾಕ್ಟರಿನವನು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, "ಚೂಡಲೇದಮ್ಮಾ, ನೋಡಲಿಲ್ರೀ ಯಕ್ಕಾರ" ಅಂತ ತೆಲುಗು ಕನ್ನಡ ಎರಡರಲ್ಲೂ ಅಳುತ್ತಿದ್ದ. ಪಾಪ, ಅವನು ಒಬ್ಬನೇ ನಿಜ ಹೇಳಿದವನು.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು, ನಮ್ಮ ಕಡೆಯ ಹುಡುಗಿಯೇ. ಎರಡನೇ ದಿನ ನನ್ನ ಪಕ್ಕೆಯ ಮೇಲೆ ನೇರಳೆ ಬಣ್ಣಕ್ಕೆ ತಿರುಗಿದ್ದ ಒಂದು ಗುಂಡು ಗುರುತನ್ನು ಬೆರಳಿಂದ ಸುತ್ತು ಹಾಕಿ ತೋರಿಸಿ ಕೇಳಿದಳು.

"ಮೇಡಂ, ಇದು ಬಾಗಲದ ಗುರುತಲ್ಲ. ಇಲ್ಲೇನಿತ್ತು?"

ಯೋಚಿಸಿ ಹೇಳಿದೆ. ಬುತ್ತಿಯ ಸ್ಟೀಲ್ ಡಬ್ಬಿ. ಎಣ್ಣೆಗಾಯಿ ಪಲ್ಯ ಸೀಟಿನ ಮೇಲಿಟ್ಟರೆ ಎಣ್ಣೆ ಚೆಲ್ಲುತ್ತದೆ ಅಂತ ಎಂಟು ವರ್ಷದಿಂದ ಡಬ್ಬಿಯನ್ನು ನನ್ನ ಸೀಟಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಗಟ್ಟಿಯಾಗಿ ಸಿಗಿಸಿಡುತ್ತಿದ್ದೆ. ಒಂದು ಹನಿ ಚೆಲ್ಲಿರಲಿಲ್ಲ. ಅವತ್ತೂ ಚೆಲ್ಲಿರಲಿಲ್ಲವಂತೆ.

"ಎದುರಿಗೆ ಬಂದು ಗುದ್ದಿದ್ರ ಮುಂದ ಬಾನೆಟ್ ಐತ್ರಿ. ಅದು ಚಪ್ಪಟಿ ಆಗಿ ನಿಮ್ಮನ್ನ ಉಳಸ್ತೈತಿ" ಅಂದಳು. "ಪಕ್ಕಕ್ಕ ಗುದ್ದಿದ್ರ ನಿಮಗೂ ಟ್ರ್ಯಾಕ್ಟರಿಗೂ ನಡುವ ಇರೋದು ಒಂದು ಗೇಣು ಜಾಗ. ಆ ಗೇಣಿನಾಗ ನೀವು ಡಬ್ಬಿ ತುರುಕಿದ್ರಿ."

ಹುಡುಗಿ ಹೇಳುತ್ತಾ ಹೋದಳು, ನಾನು ಎಣಿಸುತ್ತಾ ಹೋದೆ, ಗಣಿತದವಳ ಚಾಳಿ. ಬಲಗೈ ಸ್ಟೇರಿಂಗ್ ಮೇಲಿದ್ದಿದ್ದರೆ ಬೇರೆ, ನಾನು ಅದನ್ನು ಆರಾಮಾಗಿ ಬಾಗಿಲಿನ ಕೈಯಾಸರೆಗೆ ಇಳಿಬಿಟ್ಟಿದ್ದೆ, ಬಾಗಿಲು ಬಂದು ನನ್ನ ಮೊಣಕೈಯನ್ನೇ ನನ್ನ ಪಕ್ಕೆಗೆ ಗುದ್ದಿತು. ಇಪ್ಪತ್ತರ ಹುಡುಗಿಯ ಎಲುಬು ಬಾಗುತ್ತವೆ, ಐವತ್ನಾಲ್ಕರ ಹೆಂಗಸಿನವು ಮುರಿಯುತ್ತವೆ. ಬಡಿದದ್ದು ಇನ್ನೊಂದು ಸಣ್ಣ ಕಾರಾಗಿದ್ದರೆ ಬಾಗಿಲಿನ ಕೆಳಗಿನ ಗಟ್ಟಿ ಚೌಕಟ್ಟಿಗೆ ತಾಗುತ್ತಿತ್ತು, ಟ್ರ್ಯಾಕ್ಟರಿನ ಮೂತಿ ಸರಿಯಾಗಿ ಎದೆಯ ಎತ್ತರಕ್ಕೆ ಬಂತು. ನನ್ನ ಹಳೆಯ ಕಾರಿನಲ್ಲಿ ಪಕ್ಕದಿಂದ ಉಬ್ಬಿ ಕಾಯುವ ಗಾಳಿಚೀಲವೂ ಇರಲಿಲ್ಲ. ಇಷ್ಟು ಹೇಳಿ ಅವಳು ನನ್ನ ಗಂಡನ ಫೋನಿನಲ್ಲಿದ್ದ ಕಾರಿನ ಫೋಟೋ ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಇಷ್ಟು ಸಾವಕಾಶ ಬಂದಿದ್ದು ಇಷ್ಟು ಒಳಗ ಬರಬಾರದಿತ್ತಲ್ರೀ. ಬಾಗಲದೊಳಗ ಅಡ್ಡಕ್ಕ ಒಂದು ಉಕ್ಕಿನ ಪೈಪ್ ಇರ್ತೈತಿ. ಅದೆಲ್ಲಿ ಹೋತು?"

"ಎಲ್ಲಾ ಗ್ರಹಚಾರ್ರೀ ಡಾಕ್ಟರ" ಅಂದರು ನನ್ನ ಗಂಡ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪೈಪುಗಳ ನಡುವೆಯೇ ಹದಿನೈದು ವರ್ಷ ಕೆಲಸ ಮಾಡಿದ ಮನುಷ್ಯ. ಅಲ್ಲಿ ಒಂದು ಪೈಪು ಒಡೆದರೆ ಗ್ರಹಚಾರ ಅಂತ ಬರೆದುಕೊಟ್ಟು ಮನೆಗೆ ಬರುತ್ತಾರೇನು?

ಮನೆಗೆ ಬಂದಾಗ ನನ್ನ ಕಾರಿನ ಕೀಲಿ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು. ಭಾವ ಅದಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದರು.

"ನೋಡವ್ವಾ, ಇನ್ನ ಸಾಕು. ದೇವರು ಒಮ್ಮೆ ಉಳಿಸ್ಯಾನ, ಎರಡನೇ ಸಲ ಕೇಳಬಾರದು. ಬಸ್ಸಿಗೆ ಹೋಗಾಕ ಆದ್ರ ಹೋಗು, ಆಗದಿದ್ರ ನೌಕರಿ ಬಿಡು. ನಿನಗೇನು ಇಲ್ಲಿ ಕಮ್ಮಿ ಆಗೈತಿ?"

ನಮ್ಮ ಮನೆಯಲ್ಲಿ ಭಾವನ ಮಾತಿಗೆ ಎದುರು ಮಾತಿಲ್ಲ. ಅವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ನನ್ನ ಮೊಣಕಾಲಿಗೆ ಬಸ್ಸು ಹತ್ತುವುದು ಆಗದ ಮಾತು, ಅದು ಅವರಿಗೂ ಗೊತ್ತು. ಕೀಲಿ ಅಲ್ಲೇ ಉಳಿದರೆ ಸಿರುಗುಪ್ಪದ ಆ ಕರಿಹಲಗೆ, ಭಿನ್ನರಾಶಿ ಅಂದರೆ ಹೆದರುವ ಆ ಮಕ್ಕಳು, ನನ್ನ ಹೆಸರಿನ ಆ ಕುರ್ಚಿ, ಎಲ್ಲಾ ಮುಗಿದ ಹಾಗೆ. ನನಗೆ ಸಿಟ್ಟು ಬಂತು. ಪಕ್ಕೆಲುಬು ಮುರಿದವಳಿಗೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಉಸಿರು ದೊಡ್ಡದಾಗುತ್ತದೆ. ಸಣ್ಣ ಸಣ್ಣ ಉಸಿರಿನಲ್ಲೇ ಒಂದು ತಿಂಗಳು ಸಿಟ್ಟು ಮಾಡಿದೆ.

ಐದನೇ ವಾರ ಆಟೋ ಹಿಡಿದು ತಮ್ಮನ ಶೆಡ್ಡಿಗೆ ಹೋದೆ. ಕಾರು ಅಲ್ಲಿಗೇ ಬಂದಿತ್ತು. ಅವನು ಕಂಪನಿಯಿಂದ ಹೊಸ ಬಾಗಿಲು ತರಿಸಿ ಕೂಡಿಸಿದ್ದ. ಒಂದು ಮಾತೂ ಕೇಳದೆ, ತಾನಾಗೇ ಹೊಸದು ತರಿಸಿದ್ದ. ಯಾವತ್ತೂ ಹಳೆಯದನ್ನೇ ತಟ್ಟಿ ನೆಟ್ಟಗೆ ಮಾಡುವ ಮನುಷ್ಯ ಅದು. ಹಳೆಯ ಬಾಗಿಲು ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿತ್ತು.

"ಅದನ್ನ ಬಿಚ್ಚು" ಅಂದೆ.

"ಗುಜರಿಗೆ ಹೋಗೋ ಬಾಗ್ಲ ಯಕ್ಕಾ. ಅದನ್ನೇನು ನೋಡ್ತಿ? ಕುಂದ್ರು, ಚಾ ತರಸ್ತೀನಿ."

"ಚಾ ಆಮೇಲ. ಬಿಚ್ಚಲೇ."

ಅವನು ಒಳಗಿನ ಹೊದಿಕೆಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದ. ಅಷ್ಟು ನಿಧಾನವಾಗಿ ಅವನು ಕೆಲಸ ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಳಗೆ ಎರಡು ತುದಿಯಲ್ಲಿ ಪೈಪಿನ ಎರಡು ಮೋಟು, ಬೆರಳುದ್ದದವು. ನಡುವೆ ಏನೂ ಇರಲಿಲ್ಲ. ಮೋಟುಗಳು ಮುರಿದಿರಲಿಲ್ಲ, ನೀಟಾಗಿ ಕೊಯ್ದಿದ್ದವು. ಮೇಲೆ ತುಕ್ಕು ಹಿಡಿಯದ ಹಾಗೆ ಬಣ್ಣವನ್ನೂ ಬಳಿದಿದ್ದ. ನನ್ನ ತಮ್ಮನ ಕೆಲಸದಲ್ಲಿ ಅಚ್ಚುಕಟ್ಟಿಗೆ ಕೊರತೆ ಇಲ್ಲ.

ಹಿಂದಿನ ವರ್ಷ ಮಾರುಕಟ್ಟೆಯ ಹತ್ತಿರ ಒಂದು ಆಟೋ ತಾಗಿ ಅದೇ ಬಾಗಿಲು ತಗ್ಗು ಬಿದ್ದಿತ್ತು. ಶನಿವಾರ ಕೊಟ್ಟು, ಸೋಮವಾರ ಬೆಳಿಗ್ಗೆ ಬೇಕು ಅಂತ ಅವಸರ ಮಾಡಿದವಳು ನಾನೇ.

"ಪೈಪ್ ಅಡ್ಡ ಬರ್ತೈತಿ ಯಕ್ಕಾ, ಹಿಂದಿನಿಂದ ಕೈ ಹೋಗಂಗಿಲ್ಲ" ಅಂದ ಅವನು, ನೆಲ ನೋಡುತ್ತಾ. "ಕಡದ್ರ ಸುತ್ತಿಗಿ ಒಳಗಿಂದ ಆಡ್ತೈತಿ, ತಗಡು ಕನ್ನಡಿ ಹಂಗ ಬರ್ತೈತಿ. ನನಗ ಕೆಲಸ ಕಲಿಸಿದಾವ್ರು ಹಂಗ ಕಲಿಸ್ಯಾರ. ಅದು ಬಾಗ್ಲ ಅಲುಗಾಡದಂಗ ಹಾಕಿದ್ದು ಅಂತ ತಿಳಕೊಂಡಿದ್ದೆ. ಒಮ್ಮೆ ಕಡದ್ರ ಬೆಸಿಗಿ ಹಾಕಿದ್ರೂ ಮೊದಲಿನ ಗಟ್ಟಿ ಬರಂಗಿಲ್ಲ, ಅದಕ್ಕ ಬಿಟ್ಟುಬಿಡ್ತಿದ್ದೆ. ಗಿರಾಕಿ ಬಾಗ್ಲ ಹಾಕಿ ತಗದು ನೋಡ್ತಾರ, ಹಗುರ ಆಗೈತಿ ಅಂತ ಖುಷಿ ಪಡ್ತಾರ. ನೀನೂ ಅಂದಿದ್ದಿ."

ಅಂದಿದ್ದೆ. ಎರಡು ಬೆರಳಿಂದ ಬಾಗಿಲು ತಳ್ಳಿ, "ಏನ್ ಹಗುರ ಮಾಡೀಯೋ ತಮ್ಮಾ!" ಅಂತ ಬೆನ್ನು ತಟ್ಟಿದ್ದೆ.

ನನಗೆ ಅವನ ಕೆನ್ನೆಗೆ ಒಂದು ಬಾರಿಸಬೇಕು ಅನಿಸಿತು. ಕೈ ಎತ್ತಲು ಆಗಲಿಲ್ಲ, ಬಲಗೈ ಎತ್ತಿದರೆ ಪಕ್ಕೆ ಹಿಡಿಯುತ್ತಿತ್ತು. ಬಾಯಿಗೆ ಬಂದದ್ದೆಲ್ಲಾ ಬೈದೆ. ಅವನು ನಿಂತು ಬೈಸಿಕೊಂಡ. ಕೊನೆಗೆ ಕೇಳಿದ, "ಭಾವನ ಮುಂದ ಹೇಳ್ತಿ ಏನ ಯಕ್ಕಾ?"

ಅದೇ ಪ್ರಶ್ನೆ ಮನೆಗೆ ಬರುವಾಗ ಆಟೋದಲ್ಲಿ ನನ್ನ ಪಕ್ಕ ಕೂತು ಬಂತು. ಹೇಳಿದರೆ ತಪ್ಪು ನನ್ನದಲ್ಲ ಅಂತ ಆಗುತ್ತದೆ, ಕೀಲಿ ಕೇಳಲು ನನಗೆ ಬಾಯಿ ಬರುತ್ತದೆ. ಆದರೆ ತಮ್ಮನ ಹೆಸರು ಊರಲ್ಲಿ ನೆಲ ಕಚ್ಚುತ್ತದೆ, ತವರಿನ ಮಾನವನ್ನು ನಾನೇ ಗಂಡನ ಮನೆಯ ಅಂಗಳದಲ್ಲಿ ಹರಾಜಿಗಿಟ್ಟ ಹಾಗಾಗುತ್ತದೆ. ಹೇಳದಿದ್ದರೆ ತಮ್ಮ ಉಳಿಯುತ್ತಾನೆ, ನಾನು ಕಾರು ಓಡಿಸಲು ಬಾರದ ಹೆಂಗಸಾಗಿ ಜಗಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತೇನೆ. ಹೆಣ್ಣುಮಕ್ಕಳಿಗೆ ಇಂಥ ಲೆಕ್ಕ ಕೊಡುವವರು ಯಾರೋ ಗೊತ್ತಿಲ್ಲ, ಯಾವ ಕಡೆಯಿಂದ ಬಿಡಿಸಿದರೂ ಉತ್ತರದಲ್ಲಿ ನಾವೇ ಕಳೆದುಹೋಗುತ್ತೇವೆ. ಮೂರು ದಿನ ಆ ಲೆಕ್ಕವನ್ನೇ ಹಿಂದೆ ಮುಂದೆ ಮಾಡಿ ನೋಡಿದೆ. ನಾಲ್ಕನೇ ದಿನ ತಮ್ಮನಿಗೆ ಫೋನ್ ಮಾಡಿ, ಭಾನುವಾರ ನಿನ್ನ ಹತ್ತಿರ ಇರುವ ಜೋಡಿ ಕೀಲಿಯಲ್ಲಿ ಕಾರು ತಗೊಂಡು ಮನೆಗೆ ಬಾ, ಆ ಹಳೇ ಬಾಗಿಲನ್ನೂ ತಾ ಅಂದೆ. ಅವನು ಹೂಂ ಅಂದ.

ಭಾನುವಾರ ಪಡಸಾಲೆಯಲ್ಲಿ ಭಾವ ಪೇಪರ್ ಓದುತ್ತಿದ್ದರು. ಅವರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ತಮ್ಮ ಬಾಗಿಲನ್ನು ತಂದು ಅವರೆದುರಿನ ಗೋಡೆಗೆ ಒರಗಿಸಿದ. ನಾನು ಮೋಟುಗಳನ್ನು ತೋರಿಸಿ ಎಲ್ಲಾ ಹೇಳಿದೆ. ನನ್ನ ಡಬ್ಬಿಯನ್ನೂ ಬಿಡಲಿಲ್ಲ, ಸೋಮವಾರದ ನನ್ನ ಅವಸರವನ್ನೂ ಬಿಡಲಿಲ್ಲ.

ಭಾವನ ಮುಖ ಅರಳಿತು. ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ.

"ಅಂದ್ರ ನಿಮ್ಮ ತವರುಮನಿ ಕೈಚಳಕ ಇದು! ಸ್ವಂತ ಅಕ್ಕನ ಎದಿ ಮುರಿದಾನ, ಇವನಿಗೆ ಊರೆಲ್ಲಾ ಛಲೋ ಟಿಂಕರ್ ಅಂತೈತಿ."

"ಹೌದು, ನಮ್ಮ ತವರಿನವನೇ ಮಾಡ್ಯಾನ" ಅಂದೆ. "ಮಾಡಿದ್ದನ್ನ ತಂದು ನಿಮ್ಮ ಮುಂದ ಇಟ್ಟಾನ. ಇನ್ನೇನು ಬೇಕು? ಹೆಂಗಸು ಓಡಿಸಿದ್ದಕ್ಕ ಮುರೀಲಿಲ್ಲ ಅನ್ನೋದು ತಿಳೀತಲ್ಲ, ನನ್ನ ಕೀಲಿ ಕೊಡ್ರಿ."

ಆಗ ತಮ್ಮ ಬಾಯಿ ಬಿಟ್ಟ. ಅವನನ್ನು ಯಾರೂ ಕೇಳಿರಲಿಲ್ಲ.

"ಭಾವಾ, ನಿಮ್ಮ ಗಾಡೀದೂ ಕಡದೀನ್ರಿ. ಎಡಗಡೆ ಮುಂದಿನ ಬಾಗ್ಲ. ಹೋದ ದೀಪಾವಳಿಗೆ ಗೇಟಿಗೆ ಬಡದಿತ್ತಲ್ಲ, ಆವಾಗ."

ಅಕ್ಕನ ಕೈ ಸೊಪ್ಪಿನಲ್ಲೇ ನಿಂತಿತು. ಎಡಗಡೆ ಮುಂದಿನ ಸೀಟು ಅಂದರೆ ಅವರ ಸೀಟು. ಭಾವನ ಜೊತೆ ಮದುವೆ ಮುಂಜಿ ಅಂತ ಬಳ್ಳಾರಿಯ ಸುತ್ತ ಎಲ್ಲಿಗೆ ಹೋದರೂ ಅವರು ಕೂರುವುದು ಅಲ್ಲೇ, ಎದೆಗೆ ತಾಂಬೂಲದ ಚೀಲ ಅವುಚಿಕೊಂಡು. ಭಾವ ಪೇಪರ್ ಮಡಿಸಿದರು. ಮತ್ತೆ ಬಿಚ್ಚಿದರು. ಎದ್ದು ಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದರು.

"ಆತು" ಅಂದರು, ದನಿ ಇಳಿಸಿ. "ಆಗಿದ್ದು ಆಗಿ ಹೋತು. ನನ್ನ ಗಾಡಿಗೂ ಹೊಸ ಬಾಗ್ಲ ಕೂಡಿಸು. ನೋಡವ್ವಾ, ನೀನೂ ನಿನ್ನ ಕೀಲಿ ತಗೋ. ಈ ಮಾತು ಮಾತ್ರ ಈ ಮನಿ ಬಿಟ್ಟು ಹೊರಗ ಹೋಗಬಾರದು. ಬೀಗರ ಮಾನ ಅಂದ್ರ ನಮ್ಮ ಮಾನ."

ಆರು ವಾರ ನಾನು ಕಾದ ಕೀಲಿ ಅದು. ಜಗಲಿಯಿಂದ ತೆಗೆದು ಅವರೇ ನನ್ನ ಮುಂದೆ ಹಿಡಿದರು. ತಮ್ಮನೂ ಉಳಿದ, ನಾನೂ ಉಳಿದೆ. ನಾನು ಮೂರು ದಿನ ಬಿಡಿಸಲಾಗದ ಲೆಕ್ಕವನ್ನು ಭಾವ ಒಂದೇ ನಿಮಿಷದಲ್ಲಿ ಬಿಡಿಸಿದ್ದರು. ತಗೋ ಅಂತ ಮನಸ್ಸು ಹೇಳಿತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ತಮ್ಮನ ಕಡೆ ತಿರುಗಿ ಕೇಳಿದೆ.

"ಇನ್ನ ಎಷ್ಟು ಗಾಡಿ ಅದಾವಲೇ ಹಿಂಗ?"

ಅವನು ಬೆರಳು ಮಡಿಚಲು ಶುರು ಮಾಡಿದ. ಬಳ್ಳಾರಿಯವು, ಸಿರುಗುಪ್ಪದವು, ಕುರುಗೋಡಿನವು. ಎರಡೂ ಕೈ ಮುಗಿದು ಮತ್ತೆ ಮೊದಲಿನಿಂದ ಮಡಿಚತೊಡಗಿದ. ಹೆಸರು ಮರೆತಿದ್ದರೂ ಬಾಗಿಲು ಯಾವ ಕಡೆಯದು ಅನ್ನುವುದು ಪ್ರತಿಯೊಂದಕ್ಕೂ ನೆನಪಿತ್ತು.

"ಭಾವಾರ, ಈ ಕೀಲಿ ನನ್ನದು" ಅಂದೆ. "ನನ್ನದನ್ನ ನನಗ ಕೊಡಾಕ ನೀವು ನನ್ನ ಬಾಯಿ ಕಟ್ಟಬ್ಯಾಡ್ರಿ. ಅಕ್ಕ ಕುಂದ್ರೋ ಬಾಗ್ಲ ಗಟ್ಟಿ ಆದ್ರ ಸಾಕೇನು? ಉಳಿದ ಗಾಡಿಗಳಾಗ ಕುಂತಾವ್ರು ಯಾರ ಮನಿ ಅಕ್ಕಗೋಳು?"

"ಅವನ ಶೆಡ್ ಸುಟ್ಟುಬಿಡ್ತಾರವ್ವಾ ಜನ!"

"ಸುಡಲಿ" ಅಂದೆ. ಅಂದದ್ದು ಸುಲಭವಾಗಿ ಬಂದದ್ದಲ್ಲ. ಅವನು ನಾನು ಎತ್ತಿ ಆಡಿಸಿದ ಕೂಸು.

ಆಗ ಅಕ್ಕ ಎದ್ದು, ಕೈ ಒರೆಸಿಕೊಂಡು, ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ನನ್ನ ಅಂಗೈಯಲ್ಲಿ ಇಟ್ಟರು. "ಹೋಗಿ ಬಾ" ಅಂದರು. ಮೂವತ್ತು ವರ್ಷದಲ್ಲಿ ಅವರು ಭಾವನ ಮುಂದೆ ಆಡಿದ ಮೊದಲ ಸ್ವಂತ ಮಾತು ಅದೇ ಇರಬೇಕು. ಭಾವ ಮತ್ತೆ ಪೇಪರ್ ಎತ್ತಿಕೊಂಡರು.

ಆ ಗಾಡಿಗಳವರ ಮನೆ ಮನೆಗೆ ಹೋಗಿ ಹೇಳಿಬರಲು ಅವತ್ತೇ ಹೊರಟೆವು. ಓಡಿಸಿದವಳು ನಾನು, ಪಕ್ಕದಲ್ಲಿ ತಮ್ಮ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಲಗಡೆ ಒಂದು ಬೈಕು ಕಂಡರೂ ಪಕ್ಕೆಲುಬುಗಳು ಒಳಗೊಳಗೇ ಮುದುಡಿಕೊಳ್ಳುತ್ತಿದ್ದವು. ಕುರುಗೋಡು ತಲುಪುವ ತನಕ ಎರಡೂ ಕೈಯಿಂದ ಸ್ಟೇರಿಂಗ್ ಬಿಡಲಿಲ್ಲ.

ಮೊದಲ ಮನೆ ಒಬ್ಬ ಬೀಜ-ಗೊಬ್ಬರದ ವ್ಯಾಪಾರಿಯದು. ಮನೆಯ ಮುಂದೆ ಕಾರು ಹೊರಡಲು ತಯಾರಾಗಿ ನಿಂತಿತ್ತು, ಎಲ್ಲಿಯೋ ಸೀಮಂತಕ್ಕಂತೆ. ವ್ಯಾಪಾರಿ ಇನ್ನೂ ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದ. ಅವನ ತಾಯಿ ಆಗಲೇ ಮುಂದಿನ ಎಡಗಡೆ ಸೀಟಿನಲ್ಲಿ ಕೂತಿದ್ದರು, ಇಳಕಲ್ ಸೀರೆಯಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು. ತಮ್ಮನನ್ನು ಕಂಡು ಗುರುತು ಹಿಡಿದು, "ಏನಪ್ಪಾ, ಇತ್ಲಾಗ ಬಂದಿ?" ಅಂತ ನಕ್ಕರು.

ತಮ್ಮ ನನ್ನ ಮುಖ ನೋಡಿದ. ನಾನು ಹೇಳಿಕೊಡಲಿಲ್ಲ.

"ಅವ್ವಾ, ಇಳೀರಿ" ಅಂದ. "ಈ ಬಾಗ್ಲದಾಗ ಒಂದು ಉಕ್ಕಿನ ಪೈಪ್ ಇರ್ತೈತಿ. ಪಕ್ಕದಿಂದ ಯಾರರ ಬಂದು ಬಡದ್ರ ನಿಮ್ಮ ಎದಿ ಉಳಸಾಕ ಹಾಕಿದ್ದು. ಅದನ್ನ ನಾ ಕಡದು ಒಗದೀನಿ. ನಿಮಗ ಹೇಳಲಿಲ್ಲ."

ಮುದುಕಿಯ ನಗು ಹಾಗೇ ನಿಂತಿತು. ಬಾಗಿಲು ನೋಡಿದರು, ತಮ್ಮನನ್ನು ನೋಡಿದರು.

"ಎಷ್ಟು ದಿನ ಆತೋ ಕಡದು?"

"ಎರಡು ವರ್ಷ ಆತ್ರಿ."

"ಎರಡು ವರ್ಷ" ಅಂದರು ಅವರು. "ಎರಡು ವರ್ಷ ನಾ ಇಲ್ಲೇ ಕುಂತೀನಿ. ಮೊಮ್ಮಗಳನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತೀನಿ. ಅಕಿ ತಲಿ ಈ ಬಾಗ್ಲಕ್ಕ ಆನಿಸಿ ಮಲಗಿಸೀನಿ."

ತಮ್ಮ ಬಾಗಿಲು ತೆರೆದು, ಅವರಿಗೆ ಇಳಿಯಲು ಕೈ ಚಾಚಿದ.